ಐದಕ್ಕೆ ಐದು

ಮೊದಲೇ ಹೇಳಿಬಿಡುತ್ತೇನೆ, ಆ ಫಾರ್ಮಿಗೆ ನಾನು ಕವಡೆ ಕಿಮ್ಮತ್ತೂ ಕೊಟ್ಟವಳಲ್ಲ. ನಾಲ್ಕು ಪುಟ, ಇಪ್ಪತ್ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಯ ಎದುರಿಗೆ ಒಂದರಿಂದ ಐದರವರೆಗೆ ಅಂಕಿ. ಮನೆಯವರು ಯಾವ ಅಂಕಿ ಹೇಳುತ್ತಾರೋ ಅದಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕಬೇಕು. ಇಷ್ಟು ಮಾಡಿದರೆ ಆ ಮನುಷ್ಯ ಒಳಗೆ ಎಷ್ಟು ಸುಖಿ, ಎಷ್ಟು ದುಃಖಿ ಅಂತ ಪುಣೆಯಲ್ಲಿ ಕೂತು ಹೇಳಿಬಿಡಬಹುದಂತೆ. ಜ್ವರ ನೋಡುವುದಕ್ಕೂ ಕಂಕುಳಲ್ಲಿ ಎರಡು ನಿಮಿಷ ಕಡ್ಡಿ ಇಟ್ಟುಕೊಳ್ಳಬೇಕು. ಇದಕ್ಕೆ ಅದೂ ಬೇಡ.

ಇದನ್ನು ಪುಣೆಯ ಒಂದು ಅಧ್ಯಯನ ಸಂಸ್ಥೆಯಿಂದ ಹೊತ್ತು ತಂದವರು ಸ್ನೇಹಲ್ ಮೇಡಂ. ಎರಡು ಸಾವಿರದ ನಾಲ್ಕನೇ ಇಸವಿ, ಪಂಚಮಿ ಮುಗಿದು ಒಂದು ತಿಂಗಳಾಗಿತ್ತು. ಹುಮನಾಬಾದಿನ ಒಂದು ಲಾಡ್ಜಿನ ಹಾಲಿನಲ್ಲಿ, ಮನೆ ಮನೆ ತಿರುಗಿ ಫಾರ್ಮ್ ತುಂಬಲು ಆರಿಸಿದ ನಮ್ಮ ನಾಲ್ವರಿಗೆ ಎರಡು ದಿನ ತರಬೇತಿ ಕೊಟ್ಟರು. ಹೊಟ್ಟೆಗೆ ಇದ್ದಂತೆ ಮನಸ್ಸಿಗೂ ಹಸಿವು ಇರುತ್ತದಂತೆ, ಒಂದಲ್ಲ, ಮೂರು. ನನ್ನ ಬದುಕು ನನ್ನ ಇಷ್ಟದಂತೆ ನಡೆಯಬೇಕು, ನನ್ನ ಕೈಲಾಗುತ್ತದೆ ಅನ್ನಿಸಬೇಕು, ನನ್ನವರು ಅನ್ನುವವರು ನಾಲ್ಕು ಜನ ಇರಬೇಕು. ಹನ್ನೆರಡು ಪ್ರಶ್ನೆ ಈ ಹಸಿವು ತೀರಿದೆಯೋ ಅಂತ ಕೇಳುತ್ತವೆ, ಉಳಿದ ಹನ್ನೆರಡು ಅದನ್ನು ಯಾರಾದರೂ ತುಳಿದಿದ್ದಾರೋ ಅಂತ. ಸಿಗದೇ ಇರುವುದು ಬೇರೆ, ಕಿತ್ತುಕೊಳ್ಳುವುದು ಬೇರೆ, ಅದಕ್ಕೇ ಎರಡನ್ನೂ ಬೇರೆ ಬೇರೆ ಅಳೆಯಬೇಕು ಅಂತ ಮೇಡಂ ಕಣ್ಣರಳಿಸಿ ಹೇಳಿದರು. ಘಾಟಬೋರಾಳದಲ್ಲಿ ಕಂಡವರ ಹೊಲದ ತೊಗರಿ ಕೊಯ್ದು ನನ್ನನ್ನು ಓದಿಸಿದವಳು ನನ್ನವ್ವ ಗಯಾಬಾಯಿ. ಅವಳ ಮುಂದೆ ಈ ಮೂರು ಹಸಿವಿನ ಹೆಸರು ಹೇಳಿದರೆ ಬಿದ್ದು ಬಿದ್ದು ನಕ್ಕಾಳು ಅಂದುಕೊಂಡು ನಾನು ಹಿಂದೆ ಕೂತು ಮೂಗು ಮುರಿದೆ.

ಮೂಗು ಮುರಿದೆ, ಆದರೆ ಚೀಲ ಹೊತ್ತೆ. ನನಗೆ ನೌಕರಿ ಬೇಕಿತ್ತು. ಡಿ.ಎಡ್. ಮುಗಿಸಿ ಐದು ವರ್ಷವಾಗಿತ್ತು. ಸರ್ಕಾರಿ ಶಾಲೆಯ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರು ಎರಡು ಸಲ ತಪ್ಪಿತ್ತು. ಎರಡನೇ ಸಲ, ಅಂದರೆ ಅದೇ ವರ್ಷ, ಬರೇ ಒಂದೂವರೆ ಅಂಕಕ್ಕೆ. ನಾಲ್ವರಲ್ಲಿ ಯಾರು ನೂರು ಫಾರ್ಮ್ ಚೊಕ್ಕವಾಗಿ ತುಂಬಿ ತರುತ್ತಾರೋ ಅವರನ್ನು ಎರಡು ವರ್ಷಕ್ಕೆ ಸೂಪರ್‌ವೈಸರ್ ಮಾಡುತ್ತೇನೆ ಅಂದಿದ್ದರು ಮೇಡಂ. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕೆಟ್ಟರೆ ಮನೆಗೆ ನಡೆ.

ನನ್ನ ಪಾಲಿಗೆ ಬಂದದ್ದು ಬಸವಕಲ್ಯಾಣ. ದಿನಾ ಹುಮನಾಬಾದಿನಿಂದ ಬೆಳಗಿನ ಬಸ್ಸು ಹತ್ತಿ ಹೋಗಿ ಓಣಿ ಓಣಿ ತಿರುಗುತ್ತಿದ್ದೆ. ಮೂರೇ ದಿನದಲ್ಲಿ ಊರಿನ ರೀತಿ ತಿಳಿಯಿತು. ಹೆಂಗಸರಿಗೆ ಪ್ರಶ್ನೆ ಕೇಳಿದರೆ ಉತ್ತರ ಗಂಡಸರಿಂದ ಬರುತ್ತದೆ, ಗಂಡಸರು ಇಲ್ಲದಿದ್ದರೆ ಅತ್ತೆಯಿಂದ. ಹೊರಗಿನವರ ಮುಂದೆ ಮನೆಯ ಕೊರತೆ ಹೇಳಿದರೆ ಇಜ್ಜತ್ ಹೋಗುತ್ತದೆ ಅಂತ ಎಲ್ಲರಿಗೂ ಒಂದೇ ಚಿಂತೆ. ಸೊಸೆ ಬಾಗಿಲ ಮರೆಯಲ್ಲಿ ನಿಂತು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಅವರು ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಾಳೆ. ಇದಕ್ಕೆ ಮನದಾಳದ ಅಧ್ಯಯನ ಅಂತ ಹೆಸರು.

ಈ ಆಟ ತುದಿ ಮುಟ್ಟಿದ್ದು ಶಂಕರಲಿಂಗ ಸಾವ್ಕಾರರ ಮನೆಯಲ್ಲಿ. ಮುಂದೆ ಕಾಳಿನ ಅಡತಿ ಅಂಗಡಿ, ಹಿಂದೆ ಮನೆ. ಫಾರ್ಮ್ ಇದ್ದದ್ದು ಅವರ ಸೊಸೆ ಮನೀಷಾಳ ಹೆಸರಿಗೆ. ಅವಳ ಗಂಡ ವೀರಭದ್ರ ಅಂಗಡಿಯಲ್ಲಿ ತೂಕ ನೋಡುತ್ತಿದ್ದ. ಅವನಿಗೆ ಹೆಂಡತಿಯನ್ನು ಏನು ಕೇಳುತ್ತಿದ್ದಾರೆ ಅಂತ ತಲೆ ಎತ್ತಿ ನೋಡುವಷ್ಟೂ ಪುರಸೊತ್ತಿರಲಿಲ್ಲ. ಸಾವ್ಕಾರರು ಮಾತ್ರ ಗಾದಿಯಿಂದ ಎದ್ದು ಬಂದು ನನ್ನ ಎದುರಿಗೇ ಕೂತರು.

"ಎಷ್ಟಕ್ಕ ಅದು?" ಅಂದರು ಅಂಕಿಗಳನ್ನು ನೋಡಿ.

"ಐದಕ್ಕ ರಿ, ಸಾವ್ಕಾರ್ರೇ. ಐದು ಅಂದ್ರ ಪೂರಾ ಖರೆ. ಒಂದು ಅಂದ್ರ ಪೂರಾ ಸುಳ್ಳ."

"ಹಂಗಾದ್ರ ಐದು ಬರ್ಕೋ. ನಮ್ಮ ಮನ್ಯಾಗ ಕಡಿಮಿ ಏನದ?"

"ಸೊಸಿನ್ನ ಕೇಳಬೇಕ್ರಿ. ಆಕೀದ ಫಾರ್ಮ್ ಇದು."

"ಆಕಿ ಬ್ಯಾರೆ, ಮನಿ ಬ್ಯಾರೆ ಏನು? ಮನೀಷಾ, ಐದು ಅನ್ನು."

"ಐದು," ಅಂದಳು ಬಾಗಿಲ ಮರೆಯಿಂದ ಮನೀಷಾ.

ಮೊದಲ ಮೂರು ಪ್ರಶ್ನೆ ಹೀಗೇ ಹೋದವು. ನಾಲ್ಕನೆಯದು ತುಳಿತದ ಪ್ರಶ್ನೆ. 'ನನ್ನ ಇಷ್ಟಕ್ಕೆ ವಿರುದ್ಧವಾಗಿ ನಡೆಯುವಂತೆ ನನ್ನ ಮೇಲೆ ಒತ್ತಾಯವಿದೆ' ಅಂತ ಓದಿದೆ.

"ಐದು," ಅಂದರು ಸಾವ್ಕಾರರು.

"ಇದಕ್ಕ ಐದು ಅಂದ್ರ ಚಲೋ ಅಲ್ರಿ. ಇದಕ್ಕ ಒಂದು ಬಂದ್ರ—"

"ಏ ಬಾಯಿ, ನನಗ ಲೆಕ್ಕ ಕಲಸಾಕತ್ತೀ ಏನು? ಪಕ್ಕದ ಮನಿಯಾಂವಗ ಐದು ಕೊಟ್ಟು ನನಗ ಒಂದು ಕೊಡ್ತಿ? ಪುಣಾದಾಗ ನಮ್ಮ ಹೆಸರು ಓದೋರು ಏನಂದಾರು? ಔಟ್ ಆಫ್ ಔಟ್ ಬರಬೇಕು. ಒಂದೂ ಬಿಡಬ್ಯಾಡ."

ಮತ್ತೊಂದು ಸಲ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಅಡತಿ ನಡೆಸಿದ ಜಾಣ, ತನ್ನ ಬಾಯಿಂದಲೇ ತನ್ನ ಮನೆಯ ಬಣ್ಣ ಬಯಲು ಮಾಡುತ್ತಿದ್ದಾನೆ, ಮಾಡಲಿ ಅಂತ ನನಗೆ ಒಳಗೊಳಗೇ ಖುಷಿ. 'ನನಗೆ ಬರುವ ಕೆಲಸ ಮಾಡಲು ನನ್ನನ್ನು ಬಿಡುವುದಿಲ್ಲ': ಐದು. 'ನನ್ನವರ ನಡುವೆಯೇ ನಾನು ಹೊರಗಿನವಳು ಅನ್ನಿಸುತ್ತದೆ': ಐದು. ಸಾವ್ಕಾರರು ಬೆರಳು ಮಡಚಿ ಎಣಿಸುತ್ತ ತೃಪ್ತಿಯಿಂದ ತಲೆದೂಗಿದರು. ಕೊನೆಗೆ ಮನೀಷಾಳಿಂದ ಪೆನ್ನಿನಲ್ಲಿ ಸಹಿ ಹಾಕಿಸಿ, ಯಾರೂ ಕೇಳದಿದ್ದರೂ ಕೆಳಗೆ ಸಾಕ್ಷಿ ಅಂತ ತಮ್ಮದೂ ದಸ್ತಖತ್ ಜಡಿದು, ಫಾರ್ಮನ್ನು ನನ್ನ ಕೈಯಿಂದ ಕಸಿದುಕೊಂಡರು.

"ಈ ಮನ್ಯಾಗ ದಸ್ತಖತ್ ಆದ ಕಾಗದ ನಕಲ್ ಇಲ್ದ ಹೊರಗ ಹೋಗಂಗಿಲ್ಲ," ಅಂದರು. ಅವರ ಅಜ್ಜನ ಕಾಲದಲ್ಲಿ, ನಿಜಾಮನ ದಫ್ತರದಲ್ಲಿ ಒಂದು ನಕಲು ಇಲ್ಲದ್ದಕ್ಕೆ ಹದಿನಾರು ಎಕರೆ ಹೋಯಿತಂತೆ. ಅಂದಿನಿಂದ ಲೈಟ್ ಬಿಲ್ಲಿಗೂ ನಕಲು, ಮದುವೆ ಪತ್ರಿಕೆಗೂ ನಕಲು. ಜೆರಾಕ್ಸ್ ಮಾಡಿಸಲು ತಾವೇ ಹೊರಟರು. ಅತ್ತೆ ಮಾಣಿಕಮ್ಮ ಚಹಾಕ್ಕೆ ಹಾಲು ನೋಡಲು ಒಳಗೆ ಹೋದರು.

ಆಗ ಮನೀಷಾ ಬಾಗಿಲು ಬಿಟ್ಟು ನನ್ನ ಹತ್ತಿರ ಬಂದಳು. ಇಪ್ಪತ್ತನಾಲ್ಕೋ ಐದೋ ಇರಬೇಕು.

"ಅಕ್ಕಾ, ನಾಲ್ಕನೇದು ಖರೇನೇ ಐದು ಅದ. ಹನ್ನೊಂದನೇದೂ," ಅಂದಳು ಮೆಲ್ಲಗೆ. ಹನ್ನೊಂದನೆಯದು ಬರುವ ಕೆಲಸ ಮಾಡಲು ಬಿಡುವುದಿಲ್ಲ ಅನ್ನುವ ಪ್ರಶ್ನೆ. "ನನಗ ಸರ್ಕಾರಿ ಸಾಲಿ ಟೀಚರ್ ಅಂತ ಆರ್ಡರ್ ಬಂದದ್ರಿ. ಪಂಚಮಿಗಿ ತವರಿಗಿ ಹೋದಾಗ ಅಪ್ಪ ಕೌನ್ಸೆಲಿಂಗಿಗಿ ಅಂತ ಬೀದರಿಗಿ ಕರ್ಕೊಂಡು ಹೋಗಿದ್ದ. ನಾನು ನಾರಾಯಣಪುರದ ಸಾಲಿ ತಗೊಂಡೆ. ಇಲ್ಲಿಂದ ಟಂಟಂ ಆಟೋ ಹತ್ತಿದ್ರ ಹತ್ತು ನಿಮಿಷ. ಹದಿನೆಂಟನೇ ತಾರೀಖು, ಸೋಮವಾರದ ಒಳಗ ಹಾಜರಾಗಬೇಕು. ಇಲ್ಲಂದ್ರ ರದ್ದ. ಮಾವಾರು ಬ್ಯಾಡ ಅಂತಾರ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಂದೂವರೆ ಅಂಕ! ನಾನು ಮುಟ್ಟಲಾಗದ ಪಟ್ಟಿಯಲ್ಲಿ ಹೆಸರು ಗಿಟ್ಟಿಸಿಕೊಂಡು, ಹತ್ತು ನಿಮಿಷದ ದಾರಿಯಲ್ಲಿ ಶಾಲೆ ಹಿಡಿದುಕೊಂಡು, ಈ ಗೊಂಬೆ ಸೆರಗು ಕಚ್ಚಿಕೊಂಡು ನಿಂತಿದೆ.

"ನನಗ ಸಿಕ್ಕಿದ್ರ ಓಡಿ ಹೋಗಿ ಹಾಜರಾಗ್ತಿದ್ದೆ," ಅಂದೆ. "ಈ ದರಿದ್ರ ಫಾರ್ಮ್ ತುಂಬಿ ಎರಡು ವರ್ಷದ ಸೂಪರ್‌ವೈಸರ್ ಆದ್ರ ಸಾಕಾಗ್ಯದ ನನಗ. ನೀವು ಯಾಕ ಕೂತೀರಿ?"

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಅಪ್ಪ ಹಿರಿಯರನ್ನ ಕರೆಸಿ ಬೈಠಕ್ ಕೂಡಸ್ತೇನಿ ಅಂದಾನ್ರಿ. ನೀವು ಎಲ್ಲಾ ಕಡಿ ಹೋಗ್ತೀರಿ, ಎಲ್ಲಾರೂ ಹೇಳಿದ್ದು ಬರ್ಕೋತೀರಿ. ಯಾರಿಗಿ ಹೇಳಲಿ ಅಂತ ನಿಮಗ ಹೇಳಿದೆ," ಅಂದಳು. ಸಾವ್ಕಾರರ ಚಪ್ಪಲಿ ಸದ್ದು ಕೇಳಿದ್ದೇ ಬಾಗಿಲ ಮರೆಗೆ ಸರಿದುಬಿಟ್ಟಳು.

ಒಂದು ವಾರದ ಮೇಲೆ ಲಾಡ್ಜಿನಲ್ಲಿ ಮೇಡಂ ನನ್ನ ಫಾರ್ಮುಗಳ ಕಟ್ಟು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು. ಹಸಿವು ತೀರಿದ್ದಕ್ಕೂ ಐದು, ತುಳಿದದ್ದಕ್ಕೂ ಐದು ಅಂತ ಹದಿಮೂರು ಫಾರ್ಮ್ ಇದ್ದವು. ಔಟ್ ಆಫ್ ಔಟ್ ಹುಚ್ಚು ಶಂಕರಲಿಂಗರೊಬ್ಬರದೇ ಆಗಿರಲಿಲ್ಲ. ಒಬ್ಬನೇ ಮನುಷ್ಯ ಪೂರಾ ಸುಖಿ, ಪೂರಾ ದುಃಖಿ ಎರಡೂ ಆಗಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ, ಈ ಜನಕ್ಕೆ ಪ್ರಶ್ನೆಯೇ ತಿಳಿಯುವುದಿಲ್ಲ, ನೀನು ಮತ್ತೆ ಆ ಹದಿಮೂರು ಮನೆಗೆ ಹೋಗಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿಕೊಂಡು ಬಾ ಅಂದರು ಮರಾಠಿಯಲ್ಲಿ. ಒಬ್ಬೊಬ್ಬರನ್ನೇ ಕೂರಿಸಬೇಕಂತೆ! ಬಾಗಿಲು ಹಾಕಿಕೊಂಡು ಸೊಸೆಯ ಜೊತೆ ಕೂತುಕೊಳ್ಳಲು ನನ್ನನ್ನು ಯಾವ ಮನೆಯವರು ಬಿಡುತ್ತಾರೆ? ಆಯಿತು ಮೇಡಂ ಅಂತ ತಲೆ ಆಡಿಸಿ ಬಂದೆ.

ಹೋಗಲಿಲ್ಲ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ರಬ್ಬರಿನಿಂದ ಹದಿಮೂರು ಮನೆಗಳನ್ನು ಸುಖಿ ಮಾಡಿದೆ. ತುಳಿತದ ಪ್ರಶ್ನೆ ಬಂದಲ್ಲೆಲ್ಲ ಐದರ ಸುತ್ತು ಅಳಿಸಿ ಒಂದಕ್ಕೆ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಉಳಿದ ಹನ್ನೆರಡು ಹೆಂಗಸರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಮನೀಷಾಳದು ಗೊತ್ತಿತ್ತು. ಅವಳ ನಾಲ್ಕು, ಹನ್ನೊಂದು ಎರಡನ್ನು ಹಾಗೇ ಬಿಟ್ಟು ಉಳಿದದ್ದನ್ನು ತಿದ್ದಬಹುದಿತ್ತು. ಎರಡು ಐದು ಉಳಿದರೆ ಕಂಪ್ಯೂಟರ್ ಏನೂ ಅನ್ನುತ್ತಿರಲಿಲ್ಲ. ಧೈರ್ಯ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನಸ್ಸು ಬರಲಿಲ್ಲ.

ಹದಿನೇಳನೇ ತಾರೀಖು, ಭಾನುವಾರ. ಕಟ್ಟು ಮರುದಿನ ಮೇಡಂ ಕೈಗೆ ಹೋಗಬೇಕಿತ್ತು. ಉಳಿದ ಎರಡು ಫಾರ್ಮ್ ಮುಗಿಸಲು ನಾನು ಅದೇ ಓಣಿಯಲ್ಲಿದ್ದೆ. ಸಾವ್ಕಾರರ ಆಳು ಬಂದು ಕರೆದ. ಹೋದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಬೈಠಕ್ ಕೂತಿದೆ. ಆ ಕಡೆ ಹುಮನಾಬಾದಿನಿಂದ ಬಂದ ಮನೀಷಾಳ ಅಪ್ಪ ದಿಗಂಬರ. ಈ ಕಡೆ ಸಾವ್ಕಾರರು, ಮಗ. ನಡುವೆ ಅಜೀಮುದ್ದೀನ್ ಸಾಹೇಬರು. ತಹಸೀಲಿಯಲ್ಲಿ ದಫ್ತರ ನೋಡಿಕೊಂಡು ರಿಟೈರ್ ಆದವರು. ಕಾಗದದ ವಿಷಯದಲ್ಲಿ ಅವರ ಮಾತಿಗೆ ಎರಡೂ ಮನೆಯವರು ಎದುರಾಡುವುದಿಲ್ಲ.

ದಿಗಂಬರ ಮಗಳ ಪರವಾಗಿ ಬಂದ ವಕೀಲನಂತೆ ಇರಲಿಲ್ಲ, ಸಾಲ ಕೇಳಲು ಬಂದವನಂತೆ ಜಮಖಾನೆಯ ಅಂಚಿನಲ್ಲಿ ಕೂತಿದ್ದ. "ಬೀಗ್ರೇ, ಹುಡುಗಿ ಓದ್ಯಾಳ್ರಿ. ನಾಳಿಗಿ ಕಡೀ ದಿನ ಅದ. ನೀವು ಹೂಂ ಅಂದ್ರ…" ಅನ್ನುವುದು, ಬೀಗರ ಮುಖ ನೋಡಿ ಅರ್ಧಕ್ಕೇ ನುಂಗುವುದು.

ಸಾವ್ಕಾರರು ಜೇಬಿನಿಂದ ಜೆರಾಕ್ಸ್ ತೆಗೆದು ಅಜೀಮುದ್ದೀನ್ ಸಾಹೇಬರ ಮುಂದೆ ಬಿಚ್ಚಿದರು. "ನಾ ಏನೂ ಹೇಳಂಗಿಲ್ಲ. ನಿಮ್ಮ ಹುಡುಗಿನೇ ಬರೆಸಿದ್ದು ನೋಡ್ರಿ. ನನ್ನ ಬದುಕು ನನ್ನ ಇಷ್ಟದಂಗ ನಡೀತದ, ಐದಕ್ಕ ಐದು. ಮನಿಯೋರು ನನ್ನ ಮಾತು ಕೇಳ್ತಾರ, ಐದಕ್ಕ ಐದು. ಪುಣಾದಿಂದ ಬಂದು ಅಳತಿ ಮಾಡ್ಯಾರ. ಈ ಬಾಯಿನೇ ಬರ್ಕೊಂಡಾಳ. ಇಷ್ಟ ಸುಖ ಇದ್ದಾಕಿಗಿ ನೌಕರಿ ಯಾಕ ಬೇಕು?"

ದಿಗಂಬರ ತಲೆ ತಗ್ಗಿಸಿದ. ಕಾಗದ ಅಂದರೆ ಸಾಕು, ಈ ಗಂಡಸರಿಗೆ ನಾಲಿಗೆ ಬಿದ್ದು ಹೋಗುತ್ತದೆ.

ಆಗ ಮನೀಷಾ ಬಾಗಿಲ ಮರೆಯಿಂದ ಹೊರಗೆ ಬಂದಳು. ಮಾವನ ಮುಂದೆ, ಬೈಠಕ್ ಮುಂದೆ, ಪಡಸಾಲೆಯ ನಡುವೆ ನಿಂತಳು. "ಮಾವಾರೇ, ಜರಾ ಆ ಕಾಗದ ಕೊಡ್ರಿ. ಪೂರಾ ಓದ್ತೇನಿ," ಅಂದಳು. ಅವರು ಕೊಡುವ ಮೊದಲೇ ಅಜೀಮುದ್ದೀನ್ ಸಾಹೇಬರು ಅವಳ ಕೈಗೆ ಕೊಟ್ಟರು. ಶಾಲೆಯಲ್ಲಿ ಪಾಠ ಓದಿದ ಹಾಗೆ ನಿಧಾನವಾಗಿ ಓದಿದಳು. "'ನನ್ನ ಇಷ್ಟಕ್ಕೆ ವಿರುದ್ಧವಾಗಿ ನಡೆಯುವಂತೆ ನನ್ನ ಮೇಲೆ ಒತ್ತಾಯವಿದೆ.' ಐದಕ್ಕ ಐದು. 'ನನಗೆ ಬರುವ ಕೆಲಸ ಮಾಡಲು ನನ್ನನ್ನು ಬಿಡುವುದಿಲ್ಲ.' ಐದಕ್ಕ ಐದು. 'ನನ್ನವರ ನಡುವೆಯೇ ನಾನು ಹೊರಗಿನವಳು ಅನ್ನಿಸುತ್ತದೆ.' ಐದಕ್ಕ ಐದು. ಕೆಳಗ ಮಾವಾರ ದಸ್ತಖತ್ ಅದ."

ಅಬ್ಬಾ! ಗೊಂಬೆ ಅಂದಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ. ಸಾವ್ಕಾರರ ಮುಖ ಸುಟ್ಟ ಬದನೆಕಾಯಿಯಾಯಿತು. ದಿಗಂಬರ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ಕೂತ. ಅಜೀಮುದ್ದೀನ್ ಸಾಹೇಬರು ಗಡ್ಡ ನೀವಿಕೊಂಡು ನಕ್ಕರು. "ಸಾವ್ಕಾರ, ಹುಡುಗಿ ಓದಿದ್ದು ಸುಳ್ಳಲ್ಲ. ನಿಮ್ಮದೇ ದಸ್ತಖತ್ ಅದ."

"ಅದು ತಪ್ಪಿ ಬಿದ್ದದ! ಪ್ರಶ್ನಿ ತಿರುವಿ ಮುರುವಿ ಕೇಳ್ಯಾಳ ಈಕಿ!" ಅಂತ ಸಾವ್ಕಾರರು ನನ್ನ ಕಡೆ ಕೈ ಮಾಡಿದರು.

"ಹೌದೋ ಅಲ್ಲೋ ನೋಡೂಣು. ಒಂದೇ ಕಾಗದ ಎರಡು ಮಾತು ಹೇಳಾಕತ್ತದ," ಅಂದರು ಸಾಹೇಬರು. "ಇದು ನಕಲ್. ಬೇಟಿ, ಅಸಲ್ ನಿನ್ನ ಹತ್ರ ಇರಬೇಕಲ್ಲ? ತೆಗಿ."

ಮರೆತು ಬಂದಿದ್ದೇನೆ ಅನ್ನುವುದಕ್ಕೂ ಇಲ್ಲ, ಚೀಲದ ಬಾಯಿಂದ ಕಟ್ಟು ಇಣುಕುತ್ತಿತ್ತು. ಹುಡುಕಿ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು, ಆಮೇಲೆ ಅಸಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತು ವರ್ಷ ಪಹಣಿ ನೋಡಿದ ಕಣ್ಣು.

"ಇದರಾಗ ಆ ಪ್ರಶ್ನಿಗೆಲ್ಲಾ ಒಂದು ಅದ. ಆದ್ರ ರಬ್ಬರ್ ತಿಕ್ಕ್ಯಾರ. ಯಾರು ತಿದ್ದಿದ್ದು ಬೇಟಿ?"

ಎಲ್ಲರೂ ನನ್ನನ್ನೇ ನೋಡಿದರು. ಮನೀಷಾ ಕೂಡ. ಅವಳ ಮುಖದಲ್ಲಿ ಭಯ ಇರಲಿಲ್ಲ. ನಾಲ್ಕನೆಯದು, ಹನ್ನೊಂದನೆಯದು ಅಂತ ನನಗೆ ತಾನೇ ಹೇಳಿದ್ದು, ಇನ್ನು ಈ ಅಕ್ಕ ಹೇಳುತ್ತಾಳೆ ಅನ್ನುವ ನಂಬಿಕೆ ಇತ್ತು. ನಾನೇ ತಿದ್ದಿದ್ದು ಅಂತ ಎರಡು ಮಾತು ಸಾಕಾಗಿತ್ತು. ಅವಳು ನಾಳೆ ಟಂಟಂ ಹತ್ತುತ್ತಿದ್ದಳು. ಸಾವ್ಕಾರರು ಪುಣೆಗೆ ಫೋನ್ ಮಾಡದೇ ಬಿಡುತ್ತಿರಲಿಲ್ಲ. ಹದಿಮೂರು ಫಾರ್ಮ್ ಬೆಳಕಿಗೆ ಬರುತ್ತಿದ್ದವು. ನಾನು ಘಾಟಬೋರಾಳದ ತೊಗರಿ ಹೊಲಕ್ಕೆ.

"ಆಕಿನೇ ತಿದ್ದಿಸ್ಯಾಳ್ರಿ," ಅಂದೆ. "ನಾನು ಮತ್ತೊಮ್ಮಿ ಬಂದು ಕೇಳಿದ್ದೆ. ಮೊದಲ ಪ್ರಶ್ನಿ ತಿಳಿದಿರಲಿಲ್ಲ ಅಂದಳು. ಎಲ್ಲಾ ಒಂದು ಮಾಡ್ರಿ ಅಂದಳು."

"ಇಲ್ಲಪ್ಪಾ," ಅಂದಳು ಮನೀಷಾ. "ಈಕಿ ಮತ್ತ ಬಂದೇ ಇಲ್ಲ. ದೇವರಾಣಿ ಬಂದಿಲ್ಲ."

ಅವಳು ಹೇಳಿದ್ದು ಖರೆ. ಆದರೆ ಅವಳ ಬಾಯಿ ಮಾತಿಗೆ ಅಲ್ಲಿ ಏನು ಕಿಮ್ಮತ್ತು? ಅವಳ ಮನಸ್ಸಿನ ಮಾತು ಅಂತ ಸಹಿ ಬಿದ್ದ ಕಾಗದ ಜಮಖಾನೆಯ ಮೇಲೆ ಬಿದ್ದಿತ್ತು. ಸಾಹೇಬರು ಒಂದು ಗಳಿಗೆ ನನ್ನನ್ನು ದಿಟ್ಟಿಸಿದರು. ಆಮೇಲೆ ಕಾಗದ ಮಡಚಿದರು. "ಅಸಲ್ ಇದ್ದಲ್ಲಿ ನಕಲ್ ನಡೆಯಂಗಿಲ್ಲ. ಸಹಿ ಆಕೀದೇ ಅದ, ಬರ್ಕೊಂಡಾಕಿನೇ ಸಾಕ್ಷಿ ಹೇಳ್ಯಾಳ. ನಾ ಏನು ಹೇಳಲಿ?"

"ನೀನೇ ತಿದ್ದಿಸಿದ ಮ್ಯಾಲ ನಾ ಏನು ಮಾಡಲವ್ವಾ," ಅಂದ ದಿಗಂಬರ. ಮಗಳಿಗಿಂತ ನನ್ನನ್ನು ನಂಬಿದ. ಥೂ ಅವನ ಜನ್ಮಕ್ಕೆ ಅಂತ ನನಗೆ ಅನ್ನಿಸಿತು ನೋಡಿ, ನನಗೆ! ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿದ.

ನಾನೂ ಕಟ್ಟು ಚೀಲಕ್ಕೆ ತುರುಕಿ ಎದ್ದೆ. ಮಾಣಿಕಮ್ಮ ಬಿಡಲಿಲ್ಲ. "ಮನಿ ಮಾನ ಉಳಿಸಿದಾಕಿ, ಹಂಗೇ ಹೋಗಬಾರದು. ಮನೀಷಾ, ಈಕಿಗಿ ಕುಂಕುಮ ಹಚ್ಚಿ ಕಳಸು," ಅಂದರು. ಆ ಮನೆಯಲ್ಲಿ ನನ್ನನ್ನು ಪಡಸಾಲೆ ದಾಟಿಸಿ ಒಳಗೆ ಕೂರಿಸಿದ್ದು ಅವತ್ತೇ ಮೊದಲು.

ಮನೀಷಾ ಕುಂಕುಮದ ಬಟ್ಟಲು ತಂದಳು. ಕಣ್ಣು ಒಣಗಿತ್ತು. ನನ್ನ ಮುಂದೆ ಮಂಡಿಯೂರಿ ಕೂತು, ಗಲ್ಲ ಹಿಡಿದು ಮುಖ ಎತ್ತಿ, ಹಣೆಗೆ ಕುಂಕುಮ ಇಟ್ಟಳು. ಈಗ ಉಗಿಯುತ್ತಾಳೆ, ಶಾಪ ಹಾಕುತ್ತಾಳೆ ಅಂತ ನಾನು ಕಾದೆ. ಹಾಕಿದ್ದರೆ ನನಗೂ ನಾಲ್ಕು ಮಾತು ತಿರುಗಿ ಅನ್ನಲು ಬರುತ್ತಿತ್ತು, ಸಿಕ್ಕ ನೌಕರಿ ಹಿಡಿಯಲು ಬಾರದವಳು ನೀನು ಅಂತ ಹಂಗಿಸಲು ಬರುತ್ತಿತ್ತು.

"ನಿಮ್ಮ ನೌಕರಿ ಪಕ್ಕಾ ಆಯ್ತೇನ್ರಿ, ಅಕ್ಕಾ?" ಅಂತ ಕೇಳಿದಳು.

ಅವಳ ಮುಖದಲ್ಲಿ ಚುಚ್ಚುಮಾತು ಹುಡುಕಿದೆ. ಇರಲಿಲ್ಲ. ಗೊತ್ತಾಗಬೇಕಿತ್ತು ಅಷ್ಟೇ, ಅದಕ್ಕೇ ಕೇಳಿದ್ದಳು.

"ಹೂಂ," ಅಂದೆ.

"ಚಲೋ ಆಯ್ತು ಬಿಡ್ರಿ," ಅಂದಳು ಮನೀಷಾ, ಬೆರಳಿಗೆ ಅಂಟಿದ ಕುಂಕುಮ ಸೆರಗಿಗೆ ಒರೆಸಿಕೊಳ್ಳುತ್ತ. "ಇಬ್ಬರದೂ ಹೋಗೋದಕ್ಕಿಂತ ಒಬ್ಬರದಾದ್ರೂ ಉಳೀತು."